ದ್ವೀಪದಲ್ಲಿ ನೆಲೆ, ದಕ್ಕೆಯಲ್ಲಿ ದುಡ್ಡು

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಮಂಜಿಗಳಿಗೆ, ಅಂದರೆ ಸರಕು ಸಾಗಿಸುವ ಮರದ ಹಡಗುಗಳಿಗೆ, ತುಂಬುವ ಸರಕನ್ನು ಗಮನಿಸಿದರೆ ಲಕ್ಷದ್ವೀಪದ ಆರ್ಥಿಕತೆ ಅರ್ಧ ಅರ್ಥವಾಗುತ್ತದೆ. ಅಕ್ಕಿ, ತರಕಾರಿ, ಸಿಮೆಂಟ್, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್ ಎಲ್ಲವೂ ಇಲ್ಲಿಂದ ಅಥವಾ ಕೇರಳದ ಬಂದರುಗಳಿಂದಲೇ ಹೋಗಬೇಕು. ಈ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ಹುರಿಗೆ ಬದಲಾಗಿ ಇಲ್ಲಿನ ಅಕ್ಕಿ ಎಂಬ ವಿನಿಮಯ ಬಹಳ ಕಾಲ ನಡೆದಿತ್ತು.

ಈಗ ಆ ದ್ವೀಪಗಳಲ್ಲಿ ನೌಕಾಪಡೆ ಬಲಗೊಳ್ಳುತ್ತಿದೆ. ಕವರತ್ತಿಯಲ್ಲಿ 2012ರಲ್ಲಿ ಐಎನ್‌ಎಸ್ ದ್ವೀಪರಕ್ಷಕ್ ಎಂಬ ನೌಕಾನೆಲೆ ಆರಂಭವಾಯಿತು, ಮಿನಿಕಾಯ್‌ನಲ್ಲಿ 2024ರ ಮಾರ್ಚ್ 6ರಂದು ಐಎನ್‌ಎಸ್ ಜಟಾಯು. 2025ರ ಜುಲೈಯಲ್ಲಿ ಬಿತ್ರ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ವಹಿಸಿಕೊಳ್ಳುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಲ್ಲಿನ ಆಡಳಿತ ಅಧಿಸೂಚನೆ ಹೊರಡಿಸಿತು. ದೇಶದ ರಕ್ಷಣೆಗೆ ನೆಲೆ ಬೇಕೋ ಬೇಡವೋ ಎನ್ನುವುದು ಬೇರೆ ಚರ್ಚೆ. ನೆಲೆಗೆಂದು ಖರ್ಚಾಗುವ ದುಡ್ಡಿನಲ್ಲಿ ದ್ವೀಪದವರ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಮೊದಲಿಗೆ ಕಟ್ಟಡ ಕಟ್ಟುವ ಹಂತ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 350 ಕಿಲೊ ಸಿಮೆಂಟ್, ಅಂದರೆ ಏಳು ಚೀಲ, 700 ಕಿಲೊ ಮರಳು, 1,200 ಕಿಲೊ ಜಲ್ಲಿ ಬೇಕು. ಹವಳದ ದ್ವೀಪದಲ್ಲಿ ಕಗ್ಗಲ್ಲೇ ಇಲ್ಲ. ಕಡಲ ಮರಳನ್ನು ಬಳಸಿದರೆ ಅದರ ಉಪ್ಪಿನಂಶ ಒಳಗಿನ ಕಬ್ಬಿಣವನ್ನು ತಿಂದು ಹಾಕುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟು ಒಡೆದು ಚಕ್ಕೆ ಏಳುತ್ತದೆ. ಹಾಗಾಗಿ 500 ಘನ ಮೀಟರ್ ಕಾಂಕ್ರೀಟಿನ ಒಂದು ಸಾಧಾರಣ ಕಟ್ಟಡಕ್ಕೂ 1,100 ಟನ್ನಿಗೆ ಮೇಲ್ಪಟ್ಟು ಸಾಮಾನು ಕಡಲು ದಾಟಬೇಕು. 200 ಟನ್ ಹೊರುವ ಮಂಜಿಯಾದರೆ ಆರು ಟ್ರಿಪ್, ಅದೂ ಮಳೆಗಾಲದ ನಿಷೇಧದ ತಿಂಗಳುಗಳನ್ನು ಬಿಟ್ಟು. ಜಲ್ಲಿಯ ದುಡ್ಡು ಕ್ವಾರಿಗೆ, ಬಾಡಿಗೆ ಮಂಜಿಯ ಮಾಲೀಕರಿಗೆ, ಹೇರುವ ಕೂಲಿ ದಕ್ಕೆಯವರಿಗೆ. ದ್ವೀಪಕ್ಕೆ ಸಿಗುವುದು ಇಳಿಸುವ ಕೂಲಿ, ಒಂದಷ್ಟು ಮನೆಬಾಡಿಗೆ. ಕೆಲಸ ಮುಗಿದ ದಿನ ಅದೂ ನಿಲ್ಲುತ್ತದೆ.

ಅರ್ಥಶಾಸ್ತ್ರದವರು ಇದನ್ನು ಸೋರಿಕೆ ಎನ್ನುತ್ತಾರೆ. ದ್ವೀಪದಲ್ಲಿ ಖರ್ಚಾದ 100 ರೂಪಾಯಿಯಲ್ಲಿ 20 ಮಾತ್ರ ಅಲ್ಲೇ ಮತ್ತೆ ಖರ್ಚಾಗುತ್ತದೆ ಎಂದುಕೊಳ್ಳಿ. ಮುಂದಿನ ಸುತ್ತಿಗೆ 4, ಆಮೇಲೆ 80 ಪೈಸೆ. ಒಟ್ಟು ವಹಿವಾಟು 125 ರೂಪಾಯಿಗೆ ಮುಗಿಯಿತು. ಅದೇ 60 ರೂಪಾಯಿ ಉಳಿಯುವ ಊರಾದರೆ ಒಟ್ಟು 250 ಆಗುತ್ತದೆ. ನೆಲೆಗೆ ಎಷ್ಟು ಕೋಟಿ ಮಂಜೂರಾಯಿತು ಎಂಬ ಸುದ್ದಿಗಿಂತ ಈ ಉಳಿಕೆಯ ಪ್ರಮಾಣವೇ ದೊಡ್ಡ ವಿಷಯ. ಸಣ್ಣ ದ್ವೀಪದಲ್ಲಿ ಅದು ಕಡಿಮೆಯೇ ಇರುತ್ತದೆ. ಸೋರಿದ ದುಡ್ಡು ಬಂದು ಸೇರುವ ಊರುಗಳಲ್ಲಿ ಮಂಗಳೂರೂ ಒಂದು. ಆದ್ದರಿಂದ ಈ ಲೆಕ್ಕ ನಮಗೂ ಸೇರಿದ್ದು.

ಮಿನಿಕಾಯ್‌ನ ದಕ್ಷಿಣಕ್ಕೆ ಅದೇ ಭಾಷಾ ಬಳಗದ ಮಾಲ್ಡೀವ್ಸ್ ಇದೆ. ಅದರ ತುದಿಯ ಅಡ್ಡು ಹವಳದ್ವೀಪದ ಗನ್ ಎಂಬಲ್ಲಿ ಬ್ರಿಟಿಷ್ ವಾಯುಪಡೆ 1957ರಿಂದ ನೆಲೆ ನಡೆಸಿತು. ಗನ್‌ನ ಜನರನ್ನು ಪಕ್ಕದ ಫೇದೂ ದ್ವೀಪಕ್ಕೆ ಕಳಿಸಿದರು, ಫೇದೂವಿನವರು ಇನ್ನೊಂದು ದ್ವೀಪಕ್ಕೆ ಸರಿಯಬೇಕಾಯಿತು. ನೆಲೆಯಲ್ಲಿ ಸಂಬಳದ ಕೆಲಸ ಸಿಕ್ಕಿತು, ಇಂಗ್ಲಿಷ್ ಬಂತು. ದುಡ್ಡು ಬಂದ ಮೇಲೆ ರಾಜಧಾನಿ ಮಾಲೆಯೊಂದಿಗೆ ಜಗಳವೂ ಹುಟ್ಟಿ, 1959ರಲ್ಲಿ ದಕ್ಷಿಣದ ದ್ವೀಪಗಳು ಬೇರೆ ಗಣರಾಜ್ಯವನ್ನೇ ಘೋಷಿಸಿಕೊಂಡವು. ಅದು 1963ಕ್ಕೆ ಮುಗಿಯಿತು. 1976ರಲ್ಲಿ ಬ್ರಿಟಿಷರು ಹೊರಟರು. ಹೊರಡುವ ನಿರ್ಧಾರವನ್ನು ಮಾಡಿದ್ದು ಲಂಡನ್, ಕೆಲಸ ಕಳೆದುಕೊಂಡದ್ದು ಅಡ್ಡುವಿನ ಜನ. ಅವರಲ್ಲಿ ಇಂಗ್ಲಿಷ್ ಬಲ್ಲ ಎಷ್ಟೋ ಮಂದಿ ಮುಂದೆ ದೂರದ ರೆಸಾರ್ಟುಗಳಲ್ಲಿ ದುಡಿಯಲು ಹೋದರು. ರನ್‌ವೇ ಮಾತ್ರ ಉಳಿದು ಇಂದು ನಾಗರಿಕ ವಿಮಾನ ನಿಲ್ದಾಣವಾಗಿದೆ. ನೆಲೆ ಬಿಟ್ಟುಹೋಗುವ ಆಸ್ತಿಗಳಲ್ಲಿ ರನ್‌ವೇ, ಜೆಟ್ಟಿ, ಆಸ್ಪತ್ರೆ ಇಂಥವಷ್ಟೇ ಬಾಳುತ್ತವೆ. ಅವನ್ನು ಮೊದಲ ದಿನದಿಂದಲೇ ಜನರೂ ಬಳಸುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು, ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ಜಪಾನಿನ ಓಕಿನಾವಾ ಇನ್ನೊಂದು ಮುಖ ತೋರಿಸುತ್ತದೆ. 1972ರಲ್ಲಿ ಅಲ್ಲಿನ ಆದಾಯದಲ್ಲಿ ಅಮೆರಿಕದ ನೆಲೆಗಳ ಪಾಲು ಶೇ 15ರಷ್ಟಿತ್ತು, ಈಗ ಶೇ 5ರ ಆಸುಪಾಸಿಗೆ ಇಳಿದಿದೆ. ನೆಲೆಯಿಂದ ಮರಳಿ ಬಂದ ನಾಹಾ ನಗರದ ಒಂದು ಭಾಗದಲ್ಲಿ ಅಂಗಡಿ, ಕಚೇರಿ, ಮನೆ ಎದ್ದ ಮೇಲೆ ನೇರ ಆರ್ಥಿಕ ಲಾಭ 32 ಪಟ್ಟು ಏರಿತು ಎಂದು ಅಲ್ಲಿನ ಪ್ರಾಂತ ಸರ್ಕಾರವೇ ಲೆಕ್ಕ ಕೊಟ್ಟಿದೆ. ನೆಲೆ ಕೊಡುವ ಬಾಡಿಗೆ ಕಣ್ಣಿಗೆ ಕಾಣುತ್ತದೆ. ಅದೇ ಜಾಗದಲ್ಲಿ ಆಗಬಹುದಾಗಿದ್ದ ವ್ಯಾಪಾರ ಕಾಣುವುದಿಲ್ಲ.

ಬಿತ್ರದಲ್ಲಿ ಹೀಗೆ ಕಾಣದೆ ಹೋಗುವುದು ಲಗೂನು, ಅಂದರೆ ಹವಳದ ದಂಡೆಯೊಳಗಿನ ಆಳವಿಲ್ಲದ ಕಡಲು. ಅಲ್ಲಿನ ಭೂಮಿ ಸುಮಾರು 26 ಎಕರೆ, 2011ರ ಜನಗಣತಿಯಂತೆ ಜನ 271. ಆದರೆ ಅದನ್ನು ಸುತ್ತಿರುವ ಲಗೂನು 45 ಚದರ ಕಿಲೊಮೀಟರಿಗೂ ದೊಡ್ಡದು. ದ್ವೀಪಗಳವರು ಟ್ಯೂನ, ಅಂದರೆ ನಮ್ಮ ಕಡೆಯ ಕೇದರ, ಹಿಡಿಯುವುದು ಉದ್ದನೆಯ ಕೋಲು ಮತ್ತು ಗಾಳದಲ್ಲಿ. ಅದಕ್ಕೆ ಜೀವಂತ ಎರೆಮೀನು ಬೇಕು. ಲಗೂನಿನಲ್ಲಿ ಬಲೆ ಹಾಕಿ ಸಣ್ಣ ಮೀನು ಹಿಡಿದು, ದೋಣಿಯ ತೊಟ್ಟಿಯಲ್ಲಿ ಕಡಲ ನೀರು ಹರಿಸುತ್ತಾ ಜೀವ ಉಳಿಸಿಕೊಂಡು, ಟ್ಯೂನ ಗುಂಪು ಕಂಡಾಗ ಅವನ್ನು ಎರಚುತ್ತಾರೆ. ಎರೆ ಇಲ್ಲದ ದಿನ ದೋಣಿ ಹೊರಡುವುದೇ ವ್ಯರ್ಥ. ಬೇರೆ ದ್ವೀಪಗಳ ದೋಣಿಗಳೂ ಬಿತ್ರದ ಲಗೂನನ್ನು ನಂಬಿವೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಯೋಜನೆಗೆ ಬೇಕಾದ ಶೇ 80ರ ಒಪ್ಪಿಗೆ ಸರ್ಕಾರದ ಸ್ವಂತ ರಕ್ಷಣಾ ಬಳಕೆಗೆ ಅನ್ವಯಿಸುವುದಿಲ್ಲ. ಅಂದಮೇಲೆ ಪರಿಣಾಮದ ಅಧ್ಯಯನವೇ ಜನರ ಮುಖ್ಯ ಆಸರೆ. ಅದು ಭೂಮಿಯ ಮಾಲೀಕರನ್ನು ಮಾತ್ರ ಎಣಿಸಿದರೆ ದೊಡ್ಡ ಅನ್ಯಾಯ, ಏಕೆಂದರೆ ಲಗೂನಿಗೆ ಯಾರ ಹೆಸರಲ್ಲೂ ಪಟ್ಟೆ ಇಲ್ಲ.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಹವಳದ ನೆಲದಡಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಎರಡರ ಸಾಂದ್ರತೆಯ ವ್ಯತ್ಯಾಸದಿಂದಾಗಿ, ಬಾವಿಯ ನೀರಿನ ಮಟ್ಟ 10 ಸೆಂಟಿಮೀಟರ್ ಇಳಿದರೆ ಕೆಳಗಿನ ಉಪ್ಪು ಸಿದ್ಧಾಂತದ ಪ್ರಕಾರ 4 ಮೀಟರ್ ಮೇಲೇರಬಹುದು. ಮೇಲೆ ಹೇಳಿದ 500 ಘನ ಮೀಟರ್ ಕಾಂಕ್ರೀಟಿಗೆ ಕಲಸಲಿಕ್ಕೇ ಸುಮಾರು 85,000 ಲೀಟರ್ ಸಿಹಿನೀರು ಬೇಕು, ಕಾಂಕ್ರೀಟು ಗಟ್ಟಿಯಾಗಲು ನೀರುಣಿಸುವ ಕ್ಯೂರಿಂಗ್ ಪ್ರತ್ಯೇಕ. ಕವರತ್ತಿಯಲ್ಲಿ 2005ರಲ್ಲಿ ಶುರುವಾದ ಉಪ್ಪುನೀರು ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಇಂಧನ ಸೋರಿದರಂತೂ ಬಾವಿ ತೊಳೆಯುವ ಉಪಾಯವಿಲ್ಲ. ಹವಾಯಿಯ ರೆಡ್ ಹಿಲ್‌ನಲ್ಲಿ 2021ರ ನವೆಂಬರಿನಲ್ಲಿ ಅಮೆರಿಕದ ನೌಕಾಪಡೆಯ ಸಂಗ್ರಹಾಗಾರದ ವಿಮಾನ ಇಂಧನ ಕುಡಿಯುವ ನೀರಿಗೆ ಸೇರಿತು; ಆ ಜಾಲದ ನೀರನ್ನು ಸುಮಾರು 93,000 ಜನ ಬಳಸುತ್ತಿದ್ದರು.

ಉಳಿಕೆ ಹೆಚ್ಚಿಸುವ ದಾರಿ ಖರೀದಿಯಲ್ಲಿದೆ. ನೆಲೆಗೆ ದಿನವೂ ಮೀನು, ಮೊಟ್ಟೆ, ತೆಂಗಿನಕಾಯಿ, ತರಕಾರಿ ಬೇಕು. ಟೆಂಡರನ್ನು ಇಡಿಯಾಗಿ ಕರೆದರೆ ಭದ್ರತಾ ಠೇವಣಿ ಕಟ್ಟಿ ವರ್ಷಪೂರ್ತಿ ಪೂರೈಸಬಲ್ಲವರು ಕೊಚ್ಚಿ ಅಥವಾ ಮಂಗಳೂರಿನ ದೊಡ್ಡ ಗುತ್ತಿಗೆದಾರರು ಮಾತ್ರ. ಅದನ್ನೇ ಮೀನಿಗೊಂದು, ಮೊಟ್ಟೆಗೊಂದು, ತೆಂಗಿಗೊಂದು ಎಂದು ಒಡೆದು, ಠೇವಣಿ ತಗ್ಗಿಸಿ, ಬಿಲ್ಲನ್ನು 15 ದಿನದೊಳಗೆ ಪಾವತಿಸಿದರೆ ದ್ವೀಪದ ಸಹಕಾರಿ ಸಂಘಕ್ಕೂ ಎಟುಕುತ್ತದೆ. ಬಿಲ್ಲು ಮೂರು ತಿಂಗಳು ತಡವಾದರೆ ಡೀಸೆಲ್‌ಗೆ ಸಾಲ ಮಾಡಿದ ಮೀನುಗಾರ ಎರಡನೇ ಸಲ ಆ ಕಡೆ ತಲೆ ಹಾಕುವುದಿಲ್ಲ. ಮೀನಿಗೆ ಮಂಜುಗಡ್ಡೆ ಮತ್ತು ಶೀತಲ ಕೋಣೆ ಬೇಕು, ಅದಕ್ಕೆ ನಿಲ್ಲದ ಕರೆಂಟು ಬೇಕು. ನೆಲೆಯ ಜನರೇಟರಿನಿಂದ ಸಂಘದ ಐಸ್ ಪ್ಲಾಂಟಿಗೂ ಒಂದು ಲೈನ್ ಎಳೆಸಿಕೊಳ್ಳಬೇಕು. ಖರೀದಿ ಬೆಲೆಯನ್ನು ದ್ವೀಪದ ಆ ವಾರದ ಮಾರುಕಟ್ಟೆ ದರಕ್ಕೆ ಕಟ್ಟಿಹಾಕಬೇಕು, ಇಲ್ಲವಾದರೆ ಒಳ್ಳೆಯ ಮೀನೆಲ್ಲ ನೆಲೆಯ ಅಡುಗೆಮನೆಗೇ ಹೋಗಿ ಊರಿನ ಮನೆಗಳಿಗೆ ದುಬಾರಿಯಾಗುತ್ತದೆ.