ಮಾಡಿ ನೋಡುವುದೂ ಒಂದು ವಿಧಾನವೇ?

ಪ್ರಶ್ನೆ: ಪ್ರಯತ್ನ-ಪ್ರಮಾದ ವಿಧಾನವೆಂದರೆ ದಾರಿ ತಿಳಿಯದವರು ಏನಾದರೊಂದು ಮಾಡಿ ನೋಡುವುದಲ್ಲವೇ? ಹಾಗಿದ್ದರೆ ಪಠ್ಯಪುಸ್ತಕಗಳು ಅದನ್ನು ಕಲಿಕೆಯ ಮಾರ್ಗವೆಂದು ಏಕೆ ಹೇಳುತ್ತವೆ? ದಿನನಿತ್ಯದ ಕೆಲಸದಲ್ಲಿ ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಧಾರವಾಡದಲ್ಲಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುವವರು ಈ ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳುತ್ತಾರೆ. ದಾರಿ ತಿಳಿಯದಿರುವುದು ಈ ವಿಧಾನದ ಆರಂಭವೆಂಬುದು ನಿಜ. ಆದರೆ ಮೊದಲ ಯತ್ನದ ಫಲವನ್ನು ನೋಡಿ ಎರಡನೆಯ ಯತ್ನವನ್ನು ಬದಲಾಯಿಸಿದಾಗಲೇ ಅದು ವಿಧಾನ ಎನಿಸಿಕೊಳ್ಳುತ್ತದೆ. ತಪ್ಪಿದ್ದು ಎಲ್ಲಿ, ಎಷ್ಟು, ಯಾವ ಕಡೆಗೆ ಎಂಬುದನ್ನು ಗಮನಿಸದೆ ಹತ್ತು ಸಲ ಮಾಡಿದರೂ ಅದು ಒಂದೇ ಯತ್ನವನ್ನು ಹತ್ತು ಸಲ ಮಾಡಿದಂತೆ.

ಪಠ್ಯಪುಸ್ತಕಗಳಲ್ಲಿ ಈ ವಿಷಯದೊಂದಿಗೆ ಬರುವ ಹೆಸರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಅವರದು. 1898ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಹಸಿದ ಬೆಕ್ಕನ್ನು ಪಟ್ಟಿಗಳಿಂದ ಮಾಡಿದ ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ಮೀನಿನ ತುಂಡನ್ನು ಇಡಲಾಗುತ್ತಿತ್ತು. ಬೆಕ್ಕು ಪಟ್ಟಿಗಳನ್ನು ಕಚ್ಚಿ, ಪರಚಿ, ಸಂದಿಯಲ್ಲಿ ಕಾಲು ತೂರಿಸಿ ಒದ್ದಾಡುವಾಗ ಆಕಸ್ಮಿಕವಾಗಿ ಹಗ್ಗದ ಕುಣಿಕೆ ಎಳೆದರೆ ಬಾಗಿಲು ತೆರೆಯುತ್ತಿತ್ತು. ಅದೇ ಪೆಟ್ಟಿಗೆಗೆ ಮತ್ತೆ ಮತ್ತೆ ಬಿಟ್ಟಾಗ ಹೊರಬರಲು ಹಿಡಿಯುವ ಸಮಯ ಏರಿಳಿಯುತ್ತಲೇ ಕ್ರಮೇಣ ಕಡಿಮೆಯಾಯಿತು. ಒಮ್ಮೆಲೇ ಇಳಿಯದಿದ್ದುದರಿಂದ, ಬೆಕ್ಕಿಗೆ ಉಪಾಯ ಹೊಳೆದಿರಲಿಲ್ಲ, ಫಲ ಕೊಟ್ಟ ಚಲನೆ ಉಳಿದು ಫಲ ಕೊಡದವು ಬಿಟ್ಟುಹೋದವು ಎಂದು ಥಾರ್ನ್‌ಡೈಕ್ ತೀರ್ಮಾನಿಸಿದರು. ತೃಪ್ತಿಕರ ಫಲ ಕೊಟ್ಟ ವರ್ತನೆ ಬಲಗೊಳ್ಳುತ್ತದೆ ಎಂದು ಪರೀಕ್ಷೆಗೆ ಓದುವ ಪರಿಣಾಮ ನಿಯಮದ ಮೂಲ ಇದೇ. ಮುಂದೆ ಜರ್ಮನಿಯ ವುಲ್ಫ್‌ಗಾಂಗ್ ಕೋಹ್ಲರ್ ಚಿಂಪಾಂಜಿಗಳ ಅಧ್ಯಯನದಿಂದ ಒಳನೋಟದ ಕಲಿಕೆಯನ್ನೂ, ಅಂದರೆ ಉಪಾಯ ಒಮ್ಮೆಲೇ ಹೊಳೆಯುವುದನ್ನೂ, ತೋರಿಸಿದರು. ಮನುಷ್ಯರ ಕೆಲಸದಲ್ಲಿ ಎರಡೂ ಬೆರೆತೇ ಇರುತ್ತವೆ.

ಬೆಕ್ಕಿಗೂ ನಮಗೂ ಇರುವ ವ್ಯತ್ಯಾಸ ಏಳನೆಯ ತರಗತಿಯ ಒಂದು ಸಮೀಕರಣದಲ್ಲಿಯೇ ಕಾಣುತ್ತದೆ. ಒಂದು ಸಂಖ್ಯೆಯ ಮೂರು ಪಟ್ಟಿಗೆ 10 ಕೂಡಿಸಿದರೆ 31 ಬರುತ್ತದೆ, ಆ ಸಂಖ್ಯೆ ಯಾವುದು? 5 ಎಂದಿಟ್ಟುಕೊಂಡರೆ 25 ಬರುತ್ತದೆ, 6 ಕಡಿಮೆ. ಸಂಖ್ಯೆ ಒಂದು ಹೆಚ್ಚಿದರೆ ಉತ್ತರ ಮೂರು ಹೆಚ್ಚುವುದರಿಂದ ಮುಂದಿನ ಯತ್ನ 6 ಅಲ್ಲ, ನೇರವಾಗಿ 7. ಮೊದಲ ಉತ್ತರ ತಪ್ಪಾಗಿತ್ತು, ಆದರೆ ಆ ತಪ್ಪಿನ ಅಳತೆಯೇ ಸರಿಯುತ್ತರವನ್ನು ತೋರಿಸಿತು. ತಪ್ಪಾದ ಸಾಲನ್ನು ಕೂಡಲೇ ರಬ್ಬರಿನಿಂದ ಅಳಿಸಿ ಹಾಕುವಂತೆ ಮಕ್ಕಳಿಗೆ ಹೇಳುವ ರೂಢಿ ನನಗೆ ಸರಿಯೆನಿಸುವುದಿಲ್ಲ, ಮುಂದಿನ ಹೆಜ್ಜೆಗೆ ಬೇಕಾದ ಮಾಹಿತಿ ಅಲ್ಲಿಯೇ ಇರುತ್ತದೆ.

ಮನೆಯ ಕೆಲಸದಲ್ಲಿ ಜೋಳದ ರೊಟ್ಟಿಗಿಂತ ಒಳ್ಳೆಯ ಉದಾಹರಣೆ ನಮ್ಮ ಭಾಗದಲ್ಲಿ ಸಿಗಲಾರದು. ಬಡಿಯುವಾಗ ಅಂಚು ಸೀಳಿದರೆ ಕಾರಣ ಹಲವು ಇರಬಹುದು: ನೀರು ಸಾಕಷ್ಟು ಕುದಿದಿರಲಿಕ್ಕಿಲ್ಲ, ಹಿಟ್ಟು ಹಳೆಯದಾಗಿ ಜಿಗಿ ಕಳೆದುಕೊಂಡಿರಬಹುದು, ನಾದಿದ್ದು ಸಾಲದಿರಬಹುದು. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟಿನ ಅಂಶ ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬರುವುದರಿಂದಲೇ ರೊಟ್ಟಿ ಕೈಗೆ ನಿಲ್ಲುತ್ತದೆ. ಹೊಸದಾಗಿ ಕಲಿಯುವವರು ಬೇಸತ್ತು ಮರುದಿನ ಹಿಟ್ಟು, ನೀರು, ನಾದುವಿಕೆ ಮೂರನ್ನೂ ಬದಲಾಯಿಸಿದರೆ ರೊಟ್ಟಿ ಚೆನ್ನಾಗಿ ಬಂದರೂ ಯಾವುದರಿಂದ ಬಂತೆಂದು ತಿಳಿಯದು. ಹಿಟ್ಟು ಅದೇ ಇರಲಿ, ನಾದುವುದೂ ಅಷ್ಟೇ ಇರಲಿ, ನೀರನ್ನು ಮಾತ್ರ ಚೆನ್ನಾಗಿ ಮರಳಿಸಿ ನೋಡಿ. ಸೀಳುವುದು ನಿಂತರೆ ಕಾರಣ ಸಿಕ್ಕಿತು, ನಿಲ್ಲದಿದ್ದರೆ ಒಂದು ಕಾರಣ ಬಹುಮಟ್ಟಿಗೆ ಕಳೆಯಿತು. ಒಂದು ಯತ್ನಕ್ಕೆ ಒಂದೇ ಬದಲಾವಣೆ ಎಂಬ ಈ ಶಿಸ್ತು ಅಡುಗೆಮನೆಗೂ ಪ್ರಯೋಗಾಲಯಕ್ಕೂ ಸಮಾನವಾದದ್ದು.

ಹತ್ತಿಯ ಕಥೆಯಲ್ಲಿ ಇದೇ ಶಿಸ್ತು ವರ್ಷಗಳಷ್ಟು ಉದ್ದವಾಗುತ್ತದೆ. ಎರಡು ಭಿನ್ನ ಪ್ರಭೇದಗಳ ಹತ್ತಿಯನ್ನು ಬೆರೆಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿಯನ್ನು ಡಾ. ಬಿ.ಎಚ್. ಕಟರ್ಕಿ ಅವರು ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದರು. ಅದು ರೈತರಿಗೆ ಬಿಡುಗಡೆಯಾದದ್ದು 1972ರಲ್ಲಿ. ಒಂದು ಗಿಡದಿಂದ ಇಳುವರಿ, ಇನ್ನೊಂದರಿಂದ ಉದ್ದನೆಯ ನವಿರಾದ ಎಳೆ ಬರಬೇಕೆಂಬುದು ವಿಜ್ಞಾನಿಗೆ ಮೊದಲೇ ಗೊತ್ತು. ಯಾವ ಎರಡು ಗಿಡಗಳ ಜೋಡಿ ಅದನ್ನು ಕೊಡುತ್ತದೆ ಎಂಬುದನ್ನು ಮಾತ್ರ ಹೊಲವೇ ಹೇಳಬೇಕು. ಸಂಜೆ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ತೆಗೆದು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು ಸವರಿ, ಗುರುತಿಗೆ ದಾರ ಕಟ್ಟುವ ಕೆಲಸವನ್ನು ರಾಣೆಬೆನ್ನೂರಿನ ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ‘ಕ್ರಾಸಿಂಗ್’ ಎನ್ನುತ್ತಾರೆ. ಆ ಕಾಯಿಯ ಬೀಜ ಬಿತ್ತಿ ಬೆಳೆ ನೋಡಲು ಮತ್ತೊಂದು ಹಂಗಾಮು ಬೇಕು. ಒಂದು ಯತ್ನಕ್ಕೆ ಇಷ್ಟು ಕಾಲ ಹಿಡಿಯುವಾಗ ಮನಸ್ಸಿಗೆ ಬಂದ ಜೋಡಿಗಳನ್ನೆಲ್ಲ ಬೆರೆಸುತ್ತ ಕೂರಲು ಆಗುವುದಿಲ್ಲ. ತಿಳಿವಳಿಕೆ ಹೆಚ್ಚಾದಷ್ಟೂ ಯತ್ನಗಳ ಸಂಖ್ಯೆ ಇಳಿಯುತ್ತದೆಯೇ ಹೊರತು ಯತ್ನವೇ ಬೇಡವಾಗುವುದಿಲ್ಲ.

ತಪ್ಪೆಂದು ಬಿಟ್ಟದ್ದು ನಿಜವಾಗಿಯೂ ತಪ್ಪೇ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಜರ್ಮನಿಯಲ್ಲಿ ಪಾಲ್ ಎರ್ಲಿಕ್ ಅವರ ತಂಡ ಆರ್ಸೆನಿಕ್‌ನ ನೂರಾರು ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾಗ, 1907ರಲ್ಲಿ ತಯಾರಾದ 606 ಎಂಬ ಸಂಖ್ಯೆಯ ಸಂಯುಕ್ತವನ್ನು ಪ್ರಯೋಜನವಿಲ್ಲದ್ದೆಂದು ಬದಿಗಿಡಲಾಗಿತ್ತು. ಜಪಾನಿನ ಸಹಾಚಿರೊ ಹಾಟಾ 1909ರಲ್ಲಿ ಅದನ್ನು ಮತ್ತೆ ಪರೀಕ್ಷಿಸಿದಾಗ ಸಿಫಿಲಿಸ್ ರೋಗದ ಮೇಲೆ ಪರಿಣಾಮಕಾರಿ ಎಂದು ಕಂಡುಬಂತು. ಮರುವರ್ಷ ಅದು ಸಾಲ್ವರ್ಸಾನ್ ಎಂಬ ಹೆಸರಿನ ಔಷಧವಾಗಿ ಮಾರುಕಟ್ಟೆಗೆ ಬಂತು. ಪ್ರತಿ ಸಂಯುಕ್ತಕ್ಕೂ ಸಂಖ್ಯೆ ಹಾಕಿ ದಾಖಲೆ ಇಟ್ಟಿದ್ದರಿಂದಲೇ ಬಿಟ್ಟದ್ದಕ್ಕೆ ಮರಳಲು ಸಾಧ್ಯವಾಯಿತು.

ಇನ್ನು ನಂಬುವ ಮಾತು. ಸೋತರೆ ನಷ್ಟ ಚಿಕ್ಕದಿದ್ದು ಮತ್ತೆ ಮೊದಲಿನ ಸ್ಥಿತಿಗೆ ಬರಬಹುದಾದಲ್ಲಿ ಧೈರ್ಯವಾಗಿ ಮಾಡಿ ನೋಡಬಹುದು. ಆದರೆ ಎಟಿಎಂ ಪಿನ್ ಮರೆತಾಗ ನೆನಪಿಗೆ ಬಂದ ಅಂಕಿಗಳನ್ನು ಒತ್ತುತ್ತ ಹೋದರೆ ಕಾರ್ಡು ಬ್ಲಾಕ್ ಆಗುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟು ನೋಡುವುದು, ಪಂಪ್‌ಸೆಟ್ಟಿನ ವೈರುಗಳನ್ನು ಅದಲುಬದಲು ಮಾಡಿ ನೋಡುವುದು, ರೈತರು ಎಣ್ಣೆ ಎನ್ನುವ ಕೀಟನಾಶಕಗಳಲ್ಲಿ ಎರಡು ಮೂರನ್ನು ಅಂದಾಜಿನಿಂದ ಬೆರೆಸಿ ಹೊಡೆಯುವುದು, ಇವುಗಳಲ್ಲಿ ಒಂದು ತಪ್ಪೇ ಜೀವಕ್ಕೆ ಎರವಾಗಬಹುದು. ಅಲ್ಲಿ ಬಲ್ಲವರನ್ನು ಕೇಳುವುದೊಂದೇ ದಾರಿ. ಹೊಸ ಬೀಜದ ವಿಷಯದಲ್ಲಿ ಮಾತ್ರ ನಡುದಾರಿ ಇದೆ: ಎರೆ ಹೊಲದ ಒಂದು ಮೂಲೆಯಲ್ಲಲ್ಲ, ಹಳೆಯ ತಳಿಯ ಪಕ್ಕದ ಸಾಲುಗಳಲ್ಲಿಯೇ, ಅದೇ ದಿನ ಬಿತ್ತಿ, ಅದೇ ಗೊಬ್ಬರ ಕೊಟ್ಟು, ಎರಡರ ಫಸಲನ್ನೂ ಬೇರೆ ಬೇರೆ ಚೀಲಗಳಲ್ಲಿ ತುಂಬಿ ತೂಗಬೇಕು.