ಯುದ್ಧಕಾಲದ ಸ್ಟ್ರಿಪ್: ನಾಲ್ಕು ಚೌಕದಲ್ಲಿ ಏನಿಡಬೇಕು, ಏನು ಬಿಡಬೇಕು

ಗಡಿಯಲ್ಲಿ ಗುಂಡಿನ ಸದ್ದು ಶುರುವಾದ ಮರುದಿನ ಪತ್ರಿಕೆಗಳಿಗೆ ಬರುವ ವ್ಯಂಗ್ಯಚಿತ್ರಗಳನ್ನು ಮೇಜಿನ ಮೇಲೆ ಹರವಿಕೊಂಡರೆ ಹುಲಿ, ಇಲಿ, ಬಾಲ ಮುದುರಿದ ನಾಯಿ, ಹಲ್ಲು ಕಿರಿಯುವ ಕ್ಷಿಪಣಿ, ಇವೇ ಕಾಣುತ್ತವೆ. ಇವಕ್ಕೆ ಜಯಕಾರ ಎನ್ನಬಹುದು, ವ್ಯಂಗ್ಯ ಎನ್ನಲಾಗದು. ಊರೆಲ್ಲ ಬೈಯುತ್ತಿರುವವನನ್ನು ತಾನೂ ಬೈಯುವುದಕ್ಕೆ ಕುಂಚ ಯಾಕೆ ಬೇಕು? ಯುದ್ಧದ ಖರ್ಚು ಯಾರ ಜೇಬಿನಿಂದ ಹೋಗುತ್ತಿದೆ, ಅದನ್ನು ಮರೆಸಲು ಯಾರು ಏನು ಮಾತಾಡುತ್ತಿದ್ದಾರೆ ಎಂದು ನೋಡುವುದು ರಾಜಕೀಯ ಸ್ಟ್ರಿಪ್, ಅಂದರೆ ಸಾಲು ಚೌಕಗಳಲ್ಲಿ ಸಾಗುವ ವ್ಯಂಗ್ಯಚಿತ್ರ, ಬರೆಯುವವರ ಕೆಲಸ. ಕೋಲಾರದ ಟೊಮೆಟೊ ಮಂಡಿಯಲ್ಲೋ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲೋ ಒಂದು ಬೆಳಗ್ಗೆ ನಿಂತರೆ ಉತ್ತರ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಮೈಸೂರು ಸೀಮೆಯ ರೇಷ್ಮೆಗೆ ಬೇಡಿಕೆ ಏರಿತ್ತು. ದೂರದ ಯುದ್ಧದ ಲಾಭನಷ್ಟ ಈ ಕಡೆಯವರಿಗೆ ಹೊಸದೇನಲ್ಲ.

ಇಂಥ ಪ್ರಶ್ನೆ ಎತ್ತಿದ ಚಿತ್ರ ಎಲ್ಲಿ ಎಡವುತ್ತದೆ? 1942ರ ಮಾರ್ಚ್‌ನಲ್ಲಿ ಲಂಡನ್ನಿನ ಡೈಲಿ ಮಿರರ್ ಪತ್ರಿಕೆಯಲ್ಲಿ ಬಂದ ಫಿಲಿಪ್ ಝೆಕ್ ಅವರ ಚಿತ್ರ ನೋಡಿ. ಟಾರ್ಪೆಡೊ ಬಿದ್ದು ಹಡಗು ಮುಳುಗಿದೆ. ಕತ್ತಲ ಕಡಲಲ್ಲಿ ನಾವಿಕನೊಬ್ಬ ಮರದ ತುಂಡುಗಳಿಗೆ ಅಂಟಿಕೊಂಡು ತೇಲುತ್ತಿದ್ದಾನೆ. ಕೆಳಗೆ ಒಂದೇ ಸಾಲು: ಪೆಟ್ರೋಲ್ ಬೆಲೆ ಒಂದು ಪೆನ್ನಿ ಏರಿದೆ, ಅಧಿಕೃತ. ಪೆಟ್ರೋಲ್ ಪೋಲು ಮಾಡಬೇಡಿ, ಅದನ್ನು ತರುವುದರಲ್ಲಿ ಜೀವ ಹೋಗುತ್ತಿದೆ ಎಂಬುದು ಝೆಕ್ ಉದ್ದೇಶ. ಕಂಪನಿಗಳ ಲಾಭಕ್ಕೆ ನಾವಿಕರು ಸಾಯುತ್ತಿದ್ದಾರೆ ಎಂದು ಚರ್ಚಿಲ್ ಸರ್ಕಾರ ಓದಿಕೊಂಡಿತು. ಪತ್ರಿಕೆಯನ್ನೇ ಮುಚ್ಚಿಸುವ ಮಾತು ಎದ್ದು, ಕೊನೆಗೆ ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಸಾಲನ್ನು ಅಷ್ಟು ಚೂಪು ಮಾಡಿದ್ದು ಅದೇ ಪತ್ರಿಕೆಯ ಅಂಕಣಕಾರ ವಿಲಿಯಂ ಕಾನರ್. ಅದು ಯಾರ ಬಾಯಿಂದ ಬಂದ ಮಾತು, ಯಾರನ್ನು ಚುಚ್ಚುವ ಮಾತು ಎಂಬ ಗುರುತು ಚಿತ್ರದೊಳಗೆ ಇಲ್ಲ. ಓದುಗ ತಾನೇ ತುಂಬಿಕೊಳ್ಳಬೇಕು. ಯುದ್ಧದ ಬಿಸಿಯಲ್ಲಿ ಕೆಟ್ಟ ಅರ್ಥವನ್ನೇ ಮೊದಲು ತುಂಬಿಕೊಳ್ಳುತ್ತಾನೆ. ಸ್ಟ್ರಿಪ್‌ನ ಮೊದಲ ಚೌಕವನ್ನು ಮಾತಾಡುವವನ ಗುರುತು ಹಿಡಿಸಲು ಮೀಸಲಿಡಬೇಕು ಎನ್ನುವುದು ಇದಕ್ಕೇ.

ಮಂಡಿಯ ಒಂದು ಸ್ಟ್ರಿಪ್ ಕಟ್ಟಿ ನೋಡೋಣ. ಮೊದಲ ಚೌಕ: ಟೀ ಅಂಗಡಿಯ ಟಿವಿಯಲ್ಲಿ ನಿರೂಪಕ, ‘ಶತ್ರುರಾಷ್ಟ್ರಕ್ಕೆ ಇನ್ನು ಒಂದೇ ಒಂದು ಟೊಮೆಟೊ ಇಲ್ಲ!’ ಎರಡನೆಯದು: ಮಂಡಿ ಮಾಲೀಕ ತೊಡೆ ತಟ್ಟಿ, ‘ಅಂಗೇ ಆಗ್ಬೇಕು ಅವ್ರಿಗೆ!’ ಮೂರನೆಯದು: ಮಂಡಿಯ ಲೆಕ್ಕ ಬರೆದ ಬಿಳಿ ಚೀಟಿ ಹಿಡಿದ ರೈತ, ‘ಏಟು ನಮ್ಗೇ ಬಿದ್ದಂಗಾಯ್ತಲ್ಲ ಸ್ವಾಮಿ.’ ನಾಲ್ಕನೆಯದು: ಹಮಾಲಿ 15 ಕೆ.ಜಿ. ಬಾಕ್ಸ್‌ಗಳನ್ನು ರಸ್ತೆಬದಿಗೆ ಸುರಿಯುತ್ತಿದ್ದಾನೆ, ಹಸು ಮೂತಿ ಹಾಕಿದೆ.

ಕೆಟ್ಟದ್ದಲ್ಲ, ಆದರೆ ಮೂರನೇ ಚೌಕದಲ್ಲೇ ಗಾಳಿ ಹೋಯಿತು. ರೈತ ಬಾಯಿಬಿಟ್ಟು ಹೇಳಿದ ಮೇಲೆ ನಾಲ್ಕನೆಯದಕ್ಕೆ ಕೆಲಸ ಉಳಿಯುವುದಿಲ್ಲ. ರೈತನ ಮಾತು ಅಳಿಸಿ. ಮೂರನೇ ಚೌಕದಲ್ಲಿ ಬಿಳಿ ಚೀಟಿಯನ್ನಷ್ಟೇ ದೊಡ್ಡದಾಗಿ ತೋರಿಸಿ: ಬಾಕ್ಸಿನ ರೇಟು, ಕಮಿಷನ್, ಕೂಲಿ, ಬಾಡಿಗೆ, ಕೆಳಗೆ ಉಳಿದ ಮೊತ್ತ ಸೊನ್ನೆಗಿಂತ ಕಡಿಮೆ. ನಾಲ್ಕನೆಯದರಲ್ಲಿ ಹಸು, ಸುರಿದ ರಾಶಿ, ಹಿಂದಿನಿಂದ ತೇಲಿಬರುವ ಟಿವಿಯ ಒಂದೇ ಮಾತು: ‘ಗೆದ್ದೆವು!’ ಈಗ ಯಾರೂ ಸರ್ಕಾರವನ್ನು ಬೈದಿಲ್ಲ, ಸೈನಿಕನನ್ನು ಹಗುರ ಮಾಡಿಲ್ಲ, ಲೆಕ್ಕ ಮಾತ್ರ ಎದುರಿಗಿದೆ. ನಿರೂಪಕನ ಭಾಷೆ ಗ್ರಾಂಥಿಕವಾಗಿಯೇ ಇರಲಿ, ಮಂಡಿಯವರದು ತೆಲುಗು ಬೆರೆತ ಕೋಲಾರದ ಕನ್ನಡವೇ ಆಗಲಿ. ಅರ್ಧ ವ್ಯಂಗ್ಯ ಅಲ್ಲೇ ಮುಗಿಯುತ್ತದೆ.

ಅಕ್ಷರದ ವಿಚಾರಕ್ಕೆ ಬಂದರೆ, ಇಂಗ್ಲಿಷ್ ಸ್ಟ್ರಿಪ್‌ಗಳ ಅಳತೆ ನಮಗೆ ಆಗಿಬರುವುದಿಲ್ಲ. ರಾಷ್ಟ್ರ, ಶಸ್ತ್ರಾಸ್ತ್ರ, ಯುದ್ಧ, ಶತ್ರು: ಯುದ್ಧದ ಮಾತೆಲ್ಲ ಒತ್ತಕ್ಷರದ್ದೇ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಚ್ಚಿನಲ್ಲಿ 16 ಸೆಂ.ಮೀ. ಅಗಲ ಬರುವ ಸ್ಟ್ರಿಪ್ಪನ್ನು 32 ಸೆಂ.ಮೀ. ಅಗಲಕ್ಕೆ ಬರೆಯಿರಿ, ಅಕ್ಷರ 5 ಮಿ.ಮೀ. ಎತ್ತರ ಇರಲಿ, ಸಾಲಿನಿಂದ ಸಾಲಿಗೆ ಅದರ ಎರಡರಷ್ಟು ಅಂತರ ಬಿಡಿ. ಹಾಗೆ ಮಾಡಿದರೆ ಒಂದು ಚೌಕದಲ್ಲಿ ಹತ್ತು ಪದಕ್ಕಿಂತ ಹೆಚ್ಚು ಕೂರುವುದಿಲ್ಲ. ಅಷ್ಟೇ ಸಾಕು ಕೂಡ. ಮೊದಲು ಅಕ್ಷರ, ಆಮೇಲೆ ಅದರ ಸುತ್ತ ಮಾತಿನ ಬಲೂನ್, ಕೊನೆಗೆ ಚಿತ್ರ. ಈ ಕ್ರಮ ತಿರುಗಿಸಿದವರ ಬಲೂನಿನಲ್ಲಿ ಅಕ್ಷರ ಯಾವಾಗಲೂ ಬಸ್ಸಿನ ಫುಟ್‌ಬೋರ್ಡ್‌ನಲ್ಲಿ ನೇತಾಡುವವರಂತೆ ಇರುತ್ತದೆ. ಬ್ಲ್ಯಾಕೌಟ್ ದೃಶ್ಯ ಬರೆಯುವಾಗ ಚೌಕ ಪೂರ್ತಿ ಕಪ್ಪು ತುಂಬಬೇಡಿ: ನ್ಯೂಸ್‌ಪ್ರಿಂಟ್‌ನಲ್ಲಿ ಮಸಿ ಹರಡಿ ಮುಖದ ಗೆರೆ ನುಂಗುತ್ತದೆ, ಹಿಂಬದಿಯ ಪುಟಕ್ಕೂ ಇಣುಕುತ್ತದೆ. ಆಕೃತಿಗಳ ಸುತ್ತ ತೆಳು ಬಿಳಿ ಅಂಚು ಬಿಟ್ಟು ಉಳಿದದ್ದನ್ನು ಅಡ್ಡಗೆರೆಯಲ್ಲಿ ಮುಗಿಸಿ.

ಎಲ್ಲಕ್ಕಿಂತ ಹೆಚ್ಚು ಸ್ಟ್ರಿಪ್‌ಗಳನ್ನು ಕೆಡಿಸುವುದು ಕ್ಯಾಲೆಂಡರ್. ಪುರವಣಿಯ ಪುಟಗಳು ಸಾಮಾನ್ಯವಾಗಿ ಕೆಲವು ದಿನ ಮೊದಲೇ ಮುಗಿದಿರುತ್ತವೆ. 2025ರ ಮೇ 7ರಂದು ಆಪರೇಷನ್ ಸಿಂಧೂರ ನಡೆಯಿತು. 10ರ ಶನಿವಾರ ಸಂಜೆ ಕದನವಿರಾಮ. ಗುರುವಾರ ಬರೆದ ಸೈರನ್ ಜೋಕು ಭಾನುವಾರ ಅಚ್ಚಾಗಿ ಬಂದರೆ ಹಳಸಿದ ಸಾರು. ದಾಳಿ, ಊರಿನ ಹೆಸರು, ಸಾವಿನ ಸಂಖ್ಯೆ ಗಂಟೆಗೊಮ್ಮೆ ಬದಲಾಗುತ್ತವೆ, ಅವನ್ನು ಮುಟ್ಟಬೇಡಿ. ಬೆಲೆ, ಗಾಳಿಸುದ್ದಿ, ಸ್ಟುಡಿಯೋದ ಆರ್ಭಟ, ದಾಸ್ತಾನು ಬಚ್ಚಿಟ್ಟ ವ್ಯಾಪಾರಿ ವಾರಗಟ್ಟಲೆ ತಾಜಾ ಇರುತ್ತಾರೆ.

ನಿಧಾನವೇ ಸ್ಟ್ರಿಪ್‌ನ ಬಲವೂ ಹೌದು. ಗ್ಯಾರಿ ಟ್ರುಡೊ ಅವರ ಅಮೆರಿಕನ್ ಸ್ಟ್ರಿಪ್ ಡೂನ್ಸ್‌ಬರಿ 1970ರಿಂದ ಬರುತ್ತಿದೆ. ಅದರ ಬಿ.ಡಿ. ಎಂಬ ಪಾತ್ರ ತಲೆಯಿಂದ ಹೆಲ್ಮೆಟ್ ತೆಗೆದದ್ದನ್ನು ಓದುಗರು 2004ರವರೆಗೆ ಕಂಡಿರಲೇ ಇಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಇರಾಕ್ ಯುದ್ಧದಲ್ಲಿ ಅವನ ಒಂದು ಕಾಲು ಹೋಯಿತು, ಹೆಲ್ಮೆಟ್ಟೂ ಇರಲಿಲ್ಲ. ಮೂವತ್ತು ವರ್ಷದ ಪರಿಚಯ ಇಲ್ಲದಿದ್ದರೆ ಆ ಬರಿದಲೆ ಯಾರನ್ನೂ ತಟ್ಟುತ್ತಿರಲಿಲ್ಲ. ಆದ್ದರಿಂದ ಹಮಾಲಿ, ಮಾಲೀಕ, ಟೀ ಅಂಗಡಿಯವನು ಶಾಂತಿಕಾಲದಲ್ಲೇ ಸ್ಟ್ರಿಪ್‌ನಲ್ಲಿ ಬದುಕಲು ಶುರುಮಾಡಿರಬೇಕು. ಯುದ್ಧ ಬಂದ ದಿನ ಪಾತ್ರ ಹುಟ್ಟಿಸಿದರೆ ಅದು ಭಾಷಣ ಮಾಡುತ್ತದೆ.

ಒತ್ತಡ ಬಂದೇ ಬರುತ್ತದೆ. ಹಿಟ್ಲರ್, ಮುಸೊಲಿನಿಯರನ್ನು ಅಣಕಿಸುವ ಸ್ಟ್ರಿಪ್ ಬರೆಯುತ್ತಿದ್ದ ಲಂಡನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಮೇಲೆ ಬ್ರಿಟನ್ ಸರ್ಕಾರವೇ ಒತ್ತಡ ತಂದಾಗ, ಅವರು ಸರ್ವಾಧಿಕಾರಿಗಳನ್ನು ಕಲಸಿ ‘ಮಝ್ಲರ್’ ಎಂಬ ಒಬ್ಬನನ್ನು ಮಾಡಿದರು. ಅಮೆರಿಕದಲ್ಲಿ ಪೋಗೊ ಎಂಬ ಸ್ಟ್ರಿಪ್ ಬರೆದ ವಾಲ್ಟ್ ಕೆಲ್ಲಿ 1953ರಲ್ಲಿ, ಕೊರಿಯಾ ಯುದ್ಧ ಇನ್ನೂ ಮುಗಿಯದಿದ್ದಾಗ, ಕಂಡವರನ್ನೆಲ್ಲ ಕಮ್ಯುನಿಸ್ಟ್ ಎಂದು ದೂರುತ್ತಿದ್ದ ಸೆನೆಟರ್ ಮೆಕಾರ್ಥಿಯ ಮುಖವನ್ನು ಕಾಡುಬೆಕ್ಕಿಗೆ ಅಂಟಿಸಿದರು. ಆ ಮುಖ ಮತ್ತೆ ಕಂಡರೆ ಸ್ಟ್ರಿಪ್ ಕೈಬಿಡುತ್ತೇವೆ ಎಂದು ಪ್ರಾವಿಡೆನ್ಸ್‌ನ ಪತ್ರಿಕೆಯೊಂದು ಹೆದರಿಸಿದಾಗ ಬೆಕ್ಕಿನ ತಲೆಗೆ ಚೀಲ ತೊಡಿಸಿದರು. ಮುಖಕ್ಕಿಂತ ಚೀಲವೇ ಹೆಚ್ಚು ಮಾತಾಡಿತು.

ಕಾನೂನಿನಲ್ಲಿ ಎರಡು ಕಡೆ ಕಾಲು ಜಾರುವುದು ಸುಲಭ. ಸರ್ವೆ ಆಫ್ ಇಂಡಿಯಾದ ನಕಾಶೆಗೆ ಹೊಂದದ ಭಾರತದ ಭೂಪಟ ಪ್ರಕಟಿಸುವುದು ಅಪರಾಧ. ಹಿನ್ನೆಲೆಯ ಗೋಡೆಗೆ ಕೈಯಂದಾಜಿನಲ್ಲಿ ಭೂಪಟ ಗೀಚುವುದರ ಬದಲು ಕ್ಯಾಲೆಂಡರ್ ತೂಗುಹಾಕಿ. ರಾಷ್ಟ್ರಧ್ವಜದ ಅವಮಾನಕ್ಕೆ 1971ರ ಕಾಯ್ದೆ ಇದೆ. ಹರಿದ, ಕೆಳಗೆ ಬಿದ್ದ ಬಾವುಟ ಸದುದ್ದೇಶದಿಂದ ಬರೆದರೂ ಬೇಡ. ಸ್ಟ್ರಿಪ್‌ನ ಕೊನೆಯ ಚೌಕವನ್ನಷ್ಟೇ ಕತ್ತರಿಸಿ ವಾಟ್ಸ್ಯಾಪ್‌ನಲ್ಲಿ ಹರಿಬಿಡುವವರು ಇದ್ದೇ ಇರುತ್ತಾರೆ. ಸಹಿ, ತಾರೀಖು ಆ ಚೌಕದ ಒಳಗೇ ಇರಲಿ, ಅದು ಒಂಟಿಯಾಗಿ ನಿಂತರೂ ತಿರುಚಲು ಆಗದಂತಿರಲಿ.

ಕೆಲ್ಲಿ ಇನ್ನೊಂದು ಉಪಾಯವನ್ನೂ ಮಾಡುತ್ತಿದ್ದರು. ರಾಜಕೀಯದ ಕಂತಿಗೆ ಸಂಪಾದಕರು ಹೆದರಬಹುದು ಎನಿಸಿದಾಗ ಮುದ್ದು ಮೊಲಗಳ ಬದಲಿ ಕಂತೊಂದನ್ನು ಜೊತೆಗೇ ಕಳಿಸುತ್ತಿದ್ದರು. ಜಿಲ್ಲಾ ಪತ್ರಿಕೆಗೆ ಬರೆಯುವವರೂ ಇದನ್ನು ಪಾಲಿಸಬಹುದು. ಯುದ್ಧದ ಹೊತ್ತಿನಲ್ಲಿ ಎರಡು ಮೂರು ಬದಲಿ ಕಂತು, ಅದೇ ಅಳತೆ, ಅದೇ ಪಾತ್ರಗಳು, ಮಳೆಯೋ ಮದುವೆಯೋ ವಿಷಯ. ಸಂಪಾದಕರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ‘ಇದು ಬೇಡ ಸಾರ್’ ಎಂದರೆ ಜಾಗ ಖಾಲಿ ಬೀಳುವುದಿಲ್ಲ, ಮೂಲ ಕಂತನ್ನು ಅವಸರದಲ್ಲಿ ತಿದ್ದಿ ಹಾಳುಮಾಡುವ ಪ್ರಮೇಯವೂ ಬರುವುದಿಲ್ಲ. ಅದನ್ನು ತಾರೀಖು ಬರೆದು ಎತ್ತಿಡಿ. ಬೆಲೆಯ ಮೇಲೋ ಗಾಳಿಸುದ್ದಿಯ ಮೇಲೋ ಬರೆದದ್ದಾದರೆ ಎರಡು ವಾರದ ನಂತರ, ಚೌಕದೊಳಗಿನ ತಾರೀಖು ಬಿಟ್ಟರೆ, ಒಂದಕ್ಷರ ಬದಲಿಸದೆ ಹಾಕಬಹುದು.