ಕೆಂಪು ದೀಪ ಆರುವ ತನಕ

ಆಷಾಢದ ಗಾಳಿಗೆ ಕೊಡೆ ಮಗುಚಿಕೊಂಡರೆ ನಾವು ನಗುತ್ತೇವೆ. ಆ ಗಾಳಿಯ ವೇಗ ಗಂಟೆಗೆ 40 ಕಿ.ಮೀ. ಅಂತಿಟ್ಟುಕೊಳ್ಳಿ. ಕೆಲವು ದೊಡ್ಡ ಜೆಟ್ ವಿಮಾನಗಳು ಪೂರ್ತಿ ಶಕ್ತಿಯ 40% ಬಳಸಿದರೂ ಸಾಕು, ಎಂಜಿನ್ನಿನ ಹಿಂದೆ 60 ಮೀಟರ್ ದೂರದಲ್ಲಿ ಗಂಟೆಗೆ 190 ಕಿ.ಮೀ. ಗಾಳಿ ಬೀಸಬಹುದು. ಐದು ಪಟ್ಟು ಕೂಡ ಆಗಲಿಲ್ಲ ಅಂತೀರಾ? ಗಾಳಿಯ ವಿಷಯದಲ್ಲಿ ಲೆಕ್ಕ ಹಾಗಲ್ಲ. ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಇಲ್ಲಿ ನೂಕು ಇಪ್ಪತ್ತು ಪಟ್ಟಿಗೂ ಜಾಸ್ತಿ. ಎದುರಿಗೆ ನಿಂತವನನ್ನು ಅದು ಸುಮಾರು 100 ಕೆ.ಜಿ. ಬಲದಿಂದ ತಳ್ಳುತ್ತದೆ. ಖಾಲಿ ಲಗೇಜ್ ಕಂಟೇನರುಗಳಂತೂ ಉರುಳಿಕೊಂಡೇ ಹೋಗುತ್ತವೆ.

ಟೇಕಾಫ್ ಆಗುವಾಗ ರನ್‌ವೇ ಹತ್ತಿರ ಯಾರೂ ಇರುವುದಿಲ್ಲ. ಭಯ ಇರುವುದು ಏಪ್ರನ್ನಿನಲ್ಲಿ, ಅಂದರೆ ಲಗೇಜ್, ಇಂಧನ, ಊಟ ಎಲ್ಲ ತುಂಬುವ ಜಾಗದಲ್ಲಿ. ನಿಂತ ಎತ್ತಿನಗಾಡಿಯನ್ನು ತಳ್ಳಿ ನೋಡಿದ್ದೀರಾ? ಮೊದಲ ನೂಕಿಗೇ ಜಾಸ್ತಿ ಬಲ ಬೇಕು, ಆಮೇಲೆ ಅದರ ಪಾಡಿಗೆ ಉರುಳುತ್ತದೆ. ವಿಮಾನವೂ ಹಾಗೇ. ಹತ್ತಾರು ಟನ್ ಭಾರ ಹೊತ್ತು ನಿಂತ ಚಕ್ರಗಳನ್ನು ಕದಲಿಸಲು ಪೈಲಟ್ ಒಂದು ಕ್ಷಣ ಎಂಜಿನ್ನಿನ ಶಕ್ತಿ ಏರಿಸಬೇಕಾಗುತ್ತದೆ. ವಿಮಾನ ತಿರುಗಿದರೆ ಬಾಲವೂ ತಿರುಗುತ್ತದೆ. ಆಗ ಆ ಬಿಸಿಗಾಳಿ, ಮರಳು ಕಲ್ಲು ಸಮೇತ, ಪಕ್ಕದ ಬೇ, ಅಂದರೆ ಇನ್ನೊಂದು ವಿಮಾನ ನಿಲ್ಲುವ ಜಾಗದ ಮೇಲೆ ಬೀಸುತ್ತದೆ. ಅಲ್ಲಿ ಏಣಿ ಹತ್ತಿ ಕಾರ್ಗೋ ಬಾಗಿಲು ತೆಗೆಯುತ್ತಿದ್ದವನ ಗಮನ ತನ್ನ ವಿಮಾನದ ಮೇಲಿರುತ್ತದೆ, ಬೆನ್ನ ಹಿಂದಿನದ್ದರ ಮೇಲಲ್ಲ.

ಸದ್ದಿನಿಂದ ಗೊತ್ತಾಗಲ್ವಾ? ಇಲ್ಲ. ಸದ್ದು ತಡೆಯಲು ಕಿವಿಗೆ ಮುಚ್ಚಳದಂಥ ಮಫ್ ಹಾಕಿರುತ್ತಾರೆ, ಸುತ್ತ ನಾಲ್ಕಾರು ಎಂಜಿನ್‌ಗಳ ಗದ್ದಲ. ಯಾವುದು ಓಡುತ್ತಿದೆ, ಯಾವುದು ನಿಂತಿದೆ ಅಂತ ಕಿವಿ ಹೇಳುವುದಿಲ್ಲ. ಹಾಗಾಗಿ ವಿಮಾನದ ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಮಿನುಗುವ ಕೆಂಪು ಬೀಕನ್ ದೀಪವೇ ಗುರುತು. ಅದು ಮಿನುಗುತ್ತಿದ್ದರೆ ಹತ್ತಿರ ಹೋಗಬಾರದು. ಎಂಜಿನ್ ಹಿಂದಕ್ಕೆ ನೂಕುತ್ತದೆ, ಮುಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಎಳೆತ ಕೆಲವೇ ಮೀಟರ್ ದೂರದ್ದು, ಆದರೆ ಸಿಕ್ಕಿಕೊಂಡರೆ ಮುಗಿಯಿತು. 2015ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಒಬ್ಬ ತಂತ್ರಜ್ಞ ಹೀಗೆ ಸತ್ತರು.

2022ರ ಡಿಸೆಂಬರ್ 31ರಂದು ಅಮೆರಿಕದ ಮಾಂಟ್‌ಗೋಮರಿಯಲ್ಲಿ ಇಂಥದ್ದೇ ಇನ್ನೊಂದು ಸಾವಾಯಿತು. ವಿಮಾನ ಬರುವ ಮುಂಚೆ ಸಿಬ್ಬಂದಿಗೆ ಒಂದಲ್ಲ, ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. ಎಂಜಿನ್ ನಿಲ್ಲುವ ತನಕ, ದೀಪ ಆರುವ ತನಕ ಯಾರೂ ಹತ್ತಿರ ಹೋಗಬೇಡಿ ಅಂತ. ಆದರೆ ಅವತ್ತು ನಿಂತಾಗ ಕರೆಂಟು ಕೊಡುವ, ವಿಮಾನದ ಬಾಲದಲ್ಲಿದ್ದ ಪುಟ್ಟ ಸಹಾಯಕ ಎಂಜಿನ್ ಕೆಟ್ಟಿತ್ತು. ಕರೆಂಟಿಗೆ ಬೇರೆ ದಾರಿ ಇರಲಿಲ್ಲ. ನೆಲದಿಂದ ಕೇಬಲ್ ಹಾಕುವ ತನಕ ಒಂದು ದೊಡ್ಡ ಎಂಜಿನ್ ಓಡುತ್ತಲೇ ಇರಬೇಕಿತ್ತು. ಆ ಕೇಬಲ್ ಹಾಕಲು ಯಾರಾದರೂ ವಿಮಾನದ ಹತ್ತಿರ ಹೋಗಲೇಬೇಕಲ್ವಾ?